ಟ್ಯಾರೋ ಕಟ್ಟುಗಳ ಮಾಲೀಕರಿಗೆ ಬಳಕೆಯ ಕೈಪಿಡಿ (ಗುಜರಾತ್ ವಾಸಿ ಕನ್ನಡಿಗರ ಆವೃತ್ತಿ)

ಅಭಿನಂದನೆಗಳು. ನೀವೀಗ ಒಂದು ಟ್ಯಾರೋ ಕಟ್ಟಿನ ಮಾಲೀಕರು. ಒಂದೇ ಸಾಕು ಎಂದುಕೊಂಡಿದ್ದೀರಿ. ಶುರುವಿನಲ್ಲಿ ಎಲ್ಲರೂ ಹಾಗೆಯೇ ಅಂದುಕೊಳ್ಳುತ್ತಾರೆ. ಅಹಮದಾಬಾದಿನ ಫ್ಲ್ಯಾಟಿನಲ್ಲಿ ಊರಿಂದ ತಂದ ಉಪ್ಪಿನಕಾಯಿ ಜಾಡಿಗಳಿಗೆಂದು ಮಾಡಿಸಿದ ಕಪಾಟು ಖಾಲಿಯಾಗಿ, ಜಾಡಿಗಳು ಬಾಲ್ಕನಿಗೆ ಹೋದಾಗ ಈ ಕೈಪಿಡಿಯನ್ನು ಮತ್ತೊಮ್ಮೆ ಓದಿ.

ಪೆಟ್ಟಿಗೆಯಲ್ಲಿ ಏನೇನಿದೆ

ಮೊದಲು ಎಣಿಸಿ. ಟ್ಯಾರೋ ಎಂದರೆ 78 ಎಲೆ: ದೊಡ್ಡವು 22, ಚಿಕ್ಕವು 56. ಭಾನುವಾರ ಸಾಬರಮತಿ ದಂಡೆಯ ಗುಜರಿ ಬಜಾರಿನಲ್ಲಿ ಕೊಂಡಿದ್ದರೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಎಣಿಸುವುದು ಕ್ಷೇಮ. ಮನೆಗೆ ಬಂದು ಎಣಿಸಿದರೆ 77 ಇರುತ್ತದೆ, ಇಲ್ಲದ ಎಲೆ ಯಾವುದು ಎಂಬ ಚಿಂತೆ ವಾರವಿಡೀ ಕಾಡುತ್ತದೆ. ಬಜಾರಿನಲ್ಲಿ ‘ಗಂಜೀಫೊ’ ಎಂದು ಕೇಳಬೇಡಿ, ಗುಜರಾತಿಯಲ್ಲಿ ಅದು ಮಾಮೂಲಿ ಇಸ್ಪೀಟು ಕಟ್ಟು. “ಕಾಕಾ, ಚಿತ್ರ ಇರೋದು” ಎಂದು ಕೈಸನ್ನೆ ಮಾಡಿದರೆ ಗೋಣಿಚೀಲದ ಅಡಿಯಿಂದ ತೆಗೆದುಕೊಡುತ್ತಾರೆ. ಹಾಗೆ ತೆಗೆದ ಮೇಲೆ ಬೆಲೆ ಇಳಿಸುವುದು ದೇವರಿಗೂ ಸಾಧ್ಯವಿಲ್ಲ.

ಬಹುತೇಕ ನಿಮಗೆ ಸಿಗುವುದು 1909ರಲ್ಲಿ ಲಂಡನ್ನಿನ ರೈಡರ್ ಕಂಪನಿ ಹೊರತಂದ ಕಟ್ಟಿನ ನಕಲು. ಸೂಚನೆ ಕೊಟ್ಟವರು ಆರ್ಥರ್ ವೇಟ್, ಚಿತ್ರ ಬರೆದವರು ಪಮೇಲಾ ಕೋಲ್ಮನ್ ಸ್ಮಿತ್. ಬಹಳ ಕಾಲ ಪೆಟ್ಟಿಗೆಯ ಮೇಲೆ ಇದ್ದದ್ದು ಕಂಪನಿಯ ಹೆಸರು ಮತ್ತು ಗಂಡಸಿನ ಹೆಸರು ಮಾತ್ರ. ಆಕೆ 1951ರಲ್ಲಿ ಸಾಲದಲ್ಲೇ ತೀರಿಕೊಂಡರು. ನಿಮ್ಮ ಕಪಾಟಿನಲ್ಲಿ ಈ ಕಟ್ಟಿಗೆ ‘ಸ್ಮಿತ್ತಮ್ಮನ ಕಟ್ಟು’ ಎಂದು ಚೀಟಿ ಅಂಟಿಸಿ. ಇದು ಈ ಕೈಪಿಡಿಯ ಏಕೈಕ ಕಡ್ಡಾಯ ನಿಯಮ.

ಎರಡನೆಯ ಕಟ್ಟು ಕೊಳ್ಳುವುದು ಅನಿವಾರ್ಯವಾದರೆ (ಆಗುತ್ತದೆ) ಥಾತ್ ಎಂಬ ಕಟ್ಟು ಕೊಳ್ಳಿ. ಅಲಿಸ್ಟರ್ ಕ್ರೌಲಿ ಹೇಳಿದಂತೆ ಫ್ರೀಡಾ ಹ್ಯಾರಿಸ್ ಬರೆದದ್ದು. ಅವರು 1947ರಲ್ಲಿ ಹೋದರು, ಈಕೆ 1962ರಲ್ಲಿ, ಕಟ್ಟು ಅಚ್ಚಾದದ್ದು 1969ರಲ್ಲಿ. ಮುಂದಾಗುವುದನ್ನು ಹೇಳುವ ಎಲೆಗಳು ತಮ್ಮನ್ನು ಮಾಡಿದವರಿಗೆ ಅಷ್ಟನ್ನೂ ಹೇಳಲಿಲ್ಲ. ಹ್ಯಾರಿಸ್ ಕೊನೆಯುಸಿರೆಳೆದದ್ದು ನಮ್ಮದೇ ಶ್ರೀನಗರದಲ್ಲಿ. ನೆಂಟರು “ಇದೆಲ್ಲ ವಿದೇಶಿ ಹುಚ್ಚು” ಎಂದಾಗ ಈ ಸಂಗತಿಯನ್ನು ಮೆಲ್ಲಗೆ ಮುಂದಿಡಿ.

ಆರಕಲ್ ಕಟ್ಟುಗಳು

ಇವಕ್ಕೆ ಲೆಕ್ಕವಿಲ್ಲ, ವರಸೆಯಿಲ್ಲ. ಮಾಡಿದವರಿಗೆ ಎಷ್ಟು ಹೊಳೆಯಿತೋ ಅಷ್ಟು ಎಲೆ. ದೇವದೂತರು, ಗಿಡಮೂಲಿಕೆ, ಬೆಕ್ಕು, ಯಾವುದರ ಮೇಲಾದರೂ ಇವೆ. ಎಲ್ಲ ಎಲೆಯೂ ಒಳ್ಳೆಯದನ್ನೇ ಹೇಳುವುದರಿಂದ ನನಗೆ ಇವುಗಳ ಮೇಲೆ ಅಷ್ಟಾಗಿ ನಂಬಿಕೆಯಿಲ್ಲ.

ಇದೇ ಜಾತಿಯಲ್ಲಿ ನನ್ನ ಮೆಚ್ಚಿನದು ಗಿಣಿಶಾಸ್ತ್ರದ ಕಟ್ಟು. ಪಂಜರದ ಬಾಗಿಲು ಎತ್ತಿದ ಕೂಡಲೇ ಗಿಣಿ ಹೊರಬಂದು, ಸಾಲಾಗಿ ಜೋಡಿಸಿದ ಎಲೆಗಳನ್ನು ಕೊಕ್ಕಿನಿಂದ ಒಂದೊಂದಾಗಿ ಎಳೆದು ಪಕ್ಕಕ್ಕೆ ಹಾಕಿ, ಒಂದನ್ನು ಮಾತ್ರ ಯಜಮಾನನ ಕೈಗಿತ್ತು, ಒಂದು ಭತ್ತದ ಕಾಳು ಸಂಬಳ ಪಡೆದು, ಯಾರೂ ಹೇಳದೆ ಒಳಗೆ ಹೋಗುತ್ತದೆ. ಎಲೆಯ ಮೇಲೆ ವೆಂಕಟರಮಣ ಬರಬಹುದು, ಸಾಯಿಬಾಬಾ ಬರಬಹುದು, ಮೇರಿಮಾತೆಯೂ ಬರಬಹುದು. ಅಂಚುಗಳಿಗೆ ಕೊಕ್ಕಿನ ಕಚ್ಚು ಬಿದ್ದು ಮೆತ್ತಗಾಗಿರುವ ಕಟ್ಟೇ ಅಸಲಿ. ಎಲೆಗಳನ್ನು ಸಂಗ್ರಹಿಸಿ, ಗಿಣಿಯನ್ನು ಬೇಡ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ತಿಂಗಳ ಕೊನೆಯಲ್ಲಿ ಕೈಯಲ್ಲಿ ಕಾಸಿಲ್ಲದಿದ್ದರೆ ಪಾಶಕಕೇವಲಿ ಬಳಸಿ. ಗರ್ಗ ಋಷಿಯ ಹೆಸರಿನಲ್ಲಿರುವ, ಜೈನರು ಹಸ್ತಪ್ರತಿಗಳಲ್ಲಿ ಜತನ ಮಾಡಿಕೊಂಡು ಬಂದ ಶಕುನದ ಗ್ರಂಥ. ನಾಲ್ಕು ಮುಖದ ದಾಳವನ್ನು ಮೂರು ಸಲ ಎಸೆದರೆ 64 ಫಲ. ಕಪಾಟಿನಲ್ಲಿ ಜಾಗವೇ ಬೇಡ.

ಊರಿಗೆ ತಕ್ಕ ಹೊಂದಾಣಿಕೆ

ಸೂರತ್ತಿನಲ್ಲಿ ಪ್ರಶ್ನೆ ಒಂದೇ: ಧಂಧೋ ಹೇಗೆ? ಪ್ರೇಮ, ಮೋಕ್ಷ, ವಿದೇಶ ಪ್ರಯಾಣ ಎಲ್ಲವೂ ಅದರ ಉಪವಿಭಾಗಗಳು. ವಜ್ರದವರು ಎಲೆಯನ್ನು ಕಣ್ಣಿನ ಹತ್ತಿರ ತಂದು, ಬೆಳಕಿಗೆ ಹಿಡಿದು, ತಿರುಗಿಸಿ ನೋಡಿಯೇ ಫಲ ಕೇಳುತ್ತಾರೆ. ಖಡ್ಗದ ಎಲೆ ಬಂದರೆ ಗಾಬರಿಯಾಗದೆ “ಸರಕು ಸ್ವಲ್ಪ ದಿನ ಹಿಡಿದಿಟ್ಟುಕೊಳ್ಳಿ” ಎನ್ನಿ. ವಡೋದರಾದಲ್ಲಿ ಹಾಗಲ್ಲ. ಅಲ್ಲಿನ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಓದಿದವರು ಬೀದಿಗೊಬ್ಬರಿದ್ದಾರೆ. ಭವಿಷ್ಯ ಯಾರಿಗೂ ಬೇಡ, ಗೆರೆ ಸರಿಯಿಲ್ಲ, ಬಣ್ಣ ಒಡೆದಿದೆ ಎಂಬ ವಿಮರ್ಶೆ ಮಾತ್ರ ಸಿಗುತ್ತದೆ.

ಶೇಖರಣೆ

ಸೂರತ್, ವಡೋದರಾ ಎರಡರಲ್ಲೂ ನೆಲಮಹಡಿ ನಿಷಿದ್ಧ. 2006ರ ಆಗಸ್ಟಿನಲ್ಲಿ ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ತಾಪಿ ಸೂರತ್ತಿನೊಳಗೇ ಹರಿಯಿತು. 2024ರ ಆಗಸ್ಟಿನಲ್ಲಿ ವಿಶ್ವಾಮಿತ್ರಿ ಉಕ್ಕಿದಾಗ ವಡೋದರಾದ ಬಡಾವಣೆಗಳಿಗೆ ಮೊಸಳೆಗಳು ಬಂದವು. ಸಂಗ್ರಾಹಕರಲ್ಲಿ ಎರಡು ಪಂಗಡ: ಮೊದಲು ಕಟ್ಟುಗಳನ್ನು ಅಟ್ಟಕ್ಕೇರಿಸುವವರು, ಮೊದಲು ಮಕ್ಕಳನ್ನು ಏರಿಸುವವರು. ಎರಡನೆಯ ಪಂಗಡಕ್ಕೆ ಸೇರಿ.

ಎಚ್ಚರಿಕೆ: ಶ್ರಾವಣ

ಗುಜರಾತಿನಲ್ಲಿ ಸಾತಮ್–ಆಠಮ್ ಬಂತೆಂದರೆ, ಅಂದರೆ ಶೀತಲಾ ಸಪ್ತಮಿ ಮತ್ತು ಜನ್ಮಾಷ್ಟಮಿ, ಮನೆಮನೆಯಲ್ಲಿ ತೀನ್ ಪತ್ತಿ ಜೂಜು. ಪೊಲೀಸರೂ ಅದೇ ಹೊತ್ತಿಗೆ ಚುರುಕಾಗುತ್ತಾರೆ, 1887ರ ಜೂಜು ತಡೆ ಕಾಯ್ದೆ ಇನ್ನೂ ಜೀವಂತವಿದೆ. ಟ್ಯಾರೋ ಹರಡಿಕೊಂಡಿರುವಾಗ ಬಾಗಿಲು ಬಡಿದರೆ “ಇದು ಬರೀ ಜಾಣ್ಮೆಯ ಆಟ” ಎನ್ನಬೇಡಿ. ಜಾಣ್ಮೆಯ ಆಟಕ್ಕೆ ಕಾಯ್ದೆಯಲ್ಲಿ ವಿನಾಯಿತಿ ಇದೆ, ಆದರೆ ಜಾಣ್ಮೆ ತೋರಿಸಿ ಎಂದರೆ ನಿಮಗೆ ಕಷ್ಟ. ಎಲೆಯ ಪಕ್ಕದಲ್ಲಿ ನೋಟು ಇರದಂತೆ ನೋಡಿಕೊಳ್ಳಿ, ಹಾಲಿನವನಿಗೆ ಎತ್ತಿಟ್ಟದ್ದಾದರೂ ಸರಿ.

ಮೇಲ್ದರ್ಜೆಗೇರಿಸುವುದು

ಕೊನೆಗೆ ಎಲ್ಲ ಕನ್ನಡ ಸಂಗ್ರಾಹಕರೂ ಮೈಸೂರು ಗಂಜೀಫಾ ಎಂಬ ದುಂಡೆಲೆಯ ಹಳೆಯ ಆಟಕ್ಕೆ ಬಂದು ನಿಲ್ಲುತ್ತಾರೆ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ಬರೀ ಆಟವಾಗಿ. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬಲಾ ಎಂಬ ಪಂಡಿತರು ಇದು ಈಜಿಪ್ಟಿನ ಪುರೋಹಿತರ ಗುಪ್ತಜ್ಞಾನ ಎಂದು ಯಾವ ಆಧಾರವೂ ಇಲ್ಲದೆ ಬರೆದರು. ಅಲ್ಲಿಂದ ಅದರ ದೆಸೆ ತಿರುಗಿತು. ನಮ್ಮದಕ್ಕೆ ಅಂಥ ಸುಳ್ಳು ಹೇಳುವ ಪುಣ್ಯಾತ್ಮ ಸಿಗಲಿಲ್ಲ. ಬಾಬರ್ 1527ರಲ್ಲಿ ಸಿಂಧಿನ ಗೆಳೆಯನಿಗೆ ಗಂಜೀಫಾ ಕಳಿಸಿದ, ಅಬುಲ್ ಫಜಲ್ ಅಕ್ಬರನ ಕಟ್ಟುಗಳನ್ನು ವರ್ಣಿಸಿದ, ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿ 36 ಎಲೆಗಳಿಂದ 360 ಎಲೆಗಳವರೆಗಿನ ‘ಚದ’ ಎಂಬ 13 ಗಂಜೀಫಾ ಆಟಗಳನ್ನು ಬರೆಸಿದರು. ಇಷ್ಟಾಗಿಯೂ ಯಾರೊಬ್ಬರೂ “ಮತ್ಸ್ಯದ ಎಲೆ ಬಿದ್ದರೆ ಮದುವೆ” ಎಂದು ಹೇಳಲಿಲ್ಲ. ಹೇಳಿದ್ದರೆ ಇವತ್ತು ಅಹಮದಾಬಾದಿನ ಪ್ರತಿ ಮಾಲಿನಲ್ಲೂ ದಶಾವತಾರದ ಕಟ್ಟು ಸಿಗುತ್ತಿತ್ತು. ಈಗ ಮೈಸೂರು ಗಂಜೀಫಾಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ರಘುಪತಿ ಭಟ್ಟರು ಅದಕ್ಕೆ ಮತ್ತೆ ಬಣ್ಣ ಹಚ್ಚಿ ಗಂಜೀಫಾ ಎಂಬುದನ್ನೇ ಹೆಸರಿನ ಮುಂದೆ ಹೊತ್ತರು. ಆಡುವವರನ್ನು ಮಾತ್ರ ದುರ್ಬೀನು ಹಾಕಿ ಹುಡುಕಬೇಕು.

ಬಳಸುವ ಕ್ರಮ: ಎಲೆಗಳು ದುಂಡಗಿರುವುದರಿಂದ ಇಸ್ಪೀಟಿನಂತೆ ಕಲಸಲು ಹೋಗಬೇಡಿ, ಸೋಫಾದ ಕೆಳಗೆ ಉರುಳುತ್ತವೆ. ಬಟ್ಟೆ ಹಾಸಿ, ಬೋರಲು ಹಾಕಿ, ಕೈಯಾಡಿಸಿ. ದಶಾವತಾರದಲ್ಲಿ 120 ಎಲೆ, ಮೂವರು ಆಟಗಾರರು, ತಲಾ 40. ಎದುರು ಮನೆ ಕಾಕಾ, ಮೇಲಿನ ಮನೆ ಬೆನ್, ನೀವು. ಅವತಾರಕ್ಕೆ ಹನ್ನೆರಡು ಎಲೆ: ರಾಜ, ಮಂತ್ರಿ, ಒಂದರಿಂದ ಹತ್ತು. ಕೆಲವು ಅವತಾರಗಳಲ್ಲಿ ಹತ್ತು ದೊಡ್ಡದು, ಕೆಲವದರಲ್ಲಿ ಒಂದೇ ದೊಡ್ಡದು. ಇದನ್ನು ವಿವರಿಸುವಷ್ಟರಲ್ಲಿ ಚಹಾ ಎರಡು ಸುತ್ತು ಆಗಿರುತ್ತದೆ. ಹಗಲಿನಲ್ಲಿ ಆಡಿದರೆ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು ಆಟ ಶುರು ಮಾಡಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇರುವವರು. ದ್ವಾರಕೆಯ ನಾಡಿನಲ್ಲಿ ಯಾವ ಹೊತ್ತಾದರೂ ಕೃಷ್ಣನೇ ಮೊದಲು ಎಂದು ಕಾಕಾ ಪಟ್ಟು ಹಿಡಿದರೆ ಶ್ರೀತತ್ತ್ವನಿಧಿ ತೆಗೆದು ವಾದಕ್ಕೆ ನಿಲ್ಲಬೇಡಿ. ಊಟವಾದ ಮೇಲೆ ಬನ್ನಿ ಎನ್ನಿ, ಅಷ್ಟರಲ್ಲಿ ಹೇಗೂ ಕತ್ತಲಾಗಿರುತ್ತದೆ.