ಬರೀ ಎಂಬಿಬಿಎಸ್

ಎಂಬಿಬಿಎಸ್ ಪದವಿಯ ಮುಂದೆ ‘ಬರೀ’ ಎಂಬ ವಿಶೇಷಣವನ್ನು ಯಾವ ಪುಣ್ಯಾತ್ಮರು ಸೇರಿಸಿದರೋ ಕಾಣೆ. ಮೈಸೂರು ವಿಶ್ವವಿದ್ಯಾನಿಲಯ ನನಗೆ ಕೊಟ್ಟ ಸರ್ಟಿಫಿಕೇಟಿನಲ್ಲಂತೂ ಅದಿಲ್ಲ. ಕನ್ನಡಕ ಹಾಕಿಕೊಂಡೇ ಹುಡುಕಿದ್ದೇನೆ. ನಾಲ್ಕೂವರೆ ವರ್ಷ ಓದು, ಅದರ ಮೇಲೊಂದು ವರ್ಷ ಹೌಸ್‌ಸರ್ಜೆನ್ಸಿ. ಮೈಸೂರಿನವರು ದೊಡ್ಡಾಸ್ಪತ್ರೆ ಎಂದು ಕರೆಯುವ ಕೆ.ಆರ್. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಹೊಲಿಗೆ ಹಾಕಿ, ಚೆಲುವಾಂಬ ಆಸ್ಪತ್ರೆಯಲ್ಲಿ ಬೆಳಗಿನ ಜಾವ ಹೆರಿಗೆ ಮಾಡಿಸಿ, ನಿಂತಲ್ಲೇ ನಿದ್ದೆ ಮಾಡುವ ವಿದ್ಯೆ ಕಲಿತು ಹೊರಬಂದವಳು ನಾನು. ಕಾಲೇಜಾದರೂ ಅಂತಿಂಥದ್ದೇ? 1924ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, 1930ರಲ್ಲಿ ಮೈಸೂರಿಗೆ ಬಂದು ನೆಲೆಸಿದ ಮೈಸೂರು ಮೆಡಿಕಲ್ ಕಾಲೇಜು. ಮೇಲಾಗಿ ಎಂಬಿಬಿಎಸ್ ಒಂದು ಪದವಿಯಲ್ಲ, ಎರಡು. ವೈದ್ಯಕ್ಕೊಂದು ಬ್ಯಾಚುಲರ್, ಶಸ್ತ್ರಚಿಕಿತ್ಸೆಗೊಂದು ಬ್ಯಾಚುಲರ್. ಇಷ್ಟನ್ನೂ ನಾನು ಹೇಳಿ ಮುಗಿಸುವ ಹೊತ್ತಿಗೆ ಎದುರಿಗಿದ್ದವರು ಕಾಫಿ ಮುಗಿಸಿ, ಲೋಟ ಕೆಳಗಿಟ್ಟು, “ಅದೆಲ್ಲ ಸರಿ ಕಣಮ್ಮ, ಮುಂದಕ್ಕೆ ಓದಲೇ ಇಲ್ವಾ?” ಅನ್ನುತ್ತಾರೆ.

ಮುಂದಕ್ಕೆ ಓದಲಿಲ್ಲ, ಮದುವೆಯಾದೆ. ಆದದ್ದೂ ಡಾಕ್ಟರನ್ನೇ. ನಮ್ಮವರು ಷಟ್ಪದಿಯ ಮೇಲೆ ಪ್ರಬಂಧ ಬರೆದು ಪಿಎಚ್.ಡಿ. ಪಡೆದವರು. ಗೇಟಿನ ಕಂಬದ ಮೇಲೆ ಎರಡು ‘ಡಾ.’ಗಳು ಒಂದರ ಕೆಳಗೊಂದು ಇವೆ. ಹಿರಿತನದ ಪ್ರಕಾರ ಅವರದು ಮೇಲೆ. ಮನೆಯ ಮುಂದಿನ ಕೋಣೆ ನನ್ನ ಕ್ಲಿನಿಕ್ಕು, ಅದರ ಮುಂದಿನ ಜಗಲಿ ಅವರ ರಾಜ್ಯ. ಪೇಪರು ಹಿಡಿದು, ಕನ್ನಡಕ ಮೂಗಿನ ತುದಿಗೆ ಇಳಿಸಿ, ಗಂಭೀರವಾಗಿ ಕೂತ ಗಂಡಸನ್ನು ದಾಟಿಕೊಂಡೇ ರೋಗಿಗಳು ನನ್ನಲ್ಲಿಗೆ ಬರಬೇಕು. ಅರ್ಧದಷ್ಟು ಜನ ಬರುವುದೇ ಇಲ್ಲ, ಅಲ್ಲೇ ಕೈಮುಗಿದು ಎಡಗೈಯ ನೋವು ಹೇಳತೊಡಗುತ್ತಾರೆ. ನಮ್ಮವರು ಕೇಳುತ್ತಾರೆ. ಅದೇ ಅವರ ಗುಣ, ಅದೇ ನನ್ನ ಕಷ್ಟ. ನಾನು “ಎಷ್ಟು ದಿನದಿಂದ? ಜ್ವರ ಇದೆಯಾ? ಬಾಯಿ ತೆಗೀರಿ” ಅನ್ನುವಷ್ಟರಲ್ಲಿ ಅವರು ರೋಗಿಯ ಊರು, ಹೊಲ, ಸೊಸೆ, ಸೊಸೆಯ ತವರು ಎಲ್ಲವನ್ನೂ ವಿಚಾರಿಸಿರುತ್ತಾರೆ. ನಿದ್ದೆ ಬರುವುದಿಲ್ಲ ಎಂದು ಬಂದ ಪಕ್ಕದ ರಸ್ತೆಯ ನಿವೃತ್ತ ಹೆಡ್ಮಾಸ್ತರರಿಗೆ ತಮ್ಮ ಪ್ರಬಂಧದ ಒಂದು ಪ್ರತಿ ಕೊಟ್ಟು ಕಳಿಸಿದರು. ಮೂರನೆಯ ಅಧ್ಯಾಯಕ್ಕೆ ಗುಣ ಕಂಡಿತಂತೆ. ಈಗಲೂ ಅವರು ದಾರಿಯಲ್ಲಿ ಸಿಕ್ಕಾಗ ನನ್ನನ್ನು ಕಂಡು, “ಡಾಕ್ಟರು ಚೆನ್ನಾಗಿದ್ದಾರಾ ತಾಯಿ?” ಎನ್ನುತ್ತಾರೆ.

ಕ್ಲಿನಿಕ್ಕಿನ ಬೋರ್ಡಿನ ವಿಚಾರಕ್ಕೆ ಬರುತ್ತೇನೆ. ನಮ್ಮ ಮಾವನವರು ಕೆ.ಇ.ಬಿ.ಯಲ್ಲಿ, ಅಂದರೆ ಆಗಿನ ವಿದ್ಯುತ್ ಮಂಡಳಿಯಲ್ಲಿ, ಇಂಜಿನಿಯರಾಗಿದ್ದವರು. ಬೆಳಕು ಅಂದರೆ ಊರಿಗೆಲ್ಲ ಕಾಣಬೇಕು ಎಂಬುದು ಅವರ ಸಿದ್ಧಾಂತ. ಬೋರ್ಡು ಬರೆಯುವವನನ್ನು ಅವರೇ ಕರೆತಂದು, ಅವರೇ ಬರೆದ ಒಕ್ಕಣೆಯನ್ನು ಕೈಗಿತ್ತಿದ್ದರು: ಸ್ತ್ರೀರೋಗ, ಮಕ್ಕಳ ರೋಗ, ಸಕ್ಕರೆ ಕಾಯಿಲೆ, ಕೀಲುನೋವು, ಮೂಲವ್ಯಾಧಿ ತಜ್ಞೆ. “ಮಾವ, ನಾನು ಇದ್ಯಾವುದರ ತಜ್ಞೆಯೂ ಅಲ್ಲ” ಎಂದೆ. “ನೋಡಲ್ವೇನಮ್ಮ ಇದನ್ನೆಲ್ಲ?” “ನೋಡ್ತೀನಿ.” “ಮತ್ತೆ?” ಆ ‘ಮತ್ತೆ’ಗೆ ನನ್ನಲ್ಲಿ ಉತ್ತರವಿರಲಿಲ್ಲ, ನಿಯಮವಿತ್ತು. ವೈದ್ಯರ ನಡತೆಯ ಬಗ್ಗೆ ಮೆಡಿಕಲ್ ಕೌನ್ಸಿಲಿನವರು 2002ರಲ್ಲಿ ಹೊರಡಿಸಿದ ನಿಯಮಾವಳಿ ಇದೆ. ಅದರ ಪ್ರಕಾರ ಆಯಾ ವಿಭಾಗದ ವಿಶೇಷ ಪದವಿ ಇಲ್ಲದೆ ತಜ್ಞರೆಂದು ಹೇಳಿಕೊಳ್ಳುವ ಹಾಗಿಲ್ಲ. ಬೋರ್ಡು ಅತಿ ದೊಡ್ಡದಾಗಿರಕೂಡದು. ಅದರ ಮೇಲೆ ಹೆಸರು, ಪದವಿ, ನೋಂದಣಿ ಸಂಖ್ಯೆ ಇಂಥವೇ ಇರಬೇಕು. ಇದನ್ನು ಓದಿ ಹೇಳಿದಾಗ ಮಾವನವರಿಗಿಂತ ಹೆಚ್ಚು ನೊಂದವನು ಬೋರ್ಡಿನವನು. “ಇಷ್ಟೇನಾಮ್ಮ? ಮುಕ್ಕಾಲು ಬೋರ್ಡು ಖಾಲಿ ಉಳೀತದಲ್ಲ!”

ಖಾಲಿ ಉಳಿಸಲು ಅವನ ಕಸುಬು ಒಪ್ಪಲಿಲ್ಲ. ಮರುದಿನ ತಂದಾಗ ಬಿಳಿಯ ಮೇಲೆ ಕೆಂಪಿನ ಭಾರಿ ಪ್ಲಸ್ ಗುರುತು ಬರೆದಿದ್ದ. ಈ ಕೆಂಪು ಪ್ಲಸ್ಸು ಡಾಕ್ಟರುಗಳ ಸ್ವತ್ತೆಂದು ಎಲ್ಲರೂ ತಿಳಿದಿದ್ದಾರೆ, ಡಾಕ್ಟರುಗಳೂ ಸೇರಿ. ಅಲ್ಲ. ಅದು ರೆಡ್ ಕ್ರಾಸಿನ ಲಾಂಛನ. ಯುದ್ಧಭೂಮಿಯಲ್ಲಿ ಗಾಯಾಳುಗಳ ಶುಶ್ರೂಷೆ ಮಾಡುವವರ ರಕ್ಷಣೆಗೆಂದು ಇರುವ ಗುರುತು. 1960ರ ಜಿನೀವಾ ಒಪ್ಪಂದಗಳ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ನನ್ನಂಥವಳು ಬಳಸುವಂತಿಲ್ಲ. “ಹಾಗಾದ್ರೆ ಅಳಿಸಿಬಿಡು, ಇದು ಯುದ್ಧಭೂಮಿ ಅಲ್ಲವಂತೆ” ಎಂದು ಮಾವನವರು ಅಡಿಗೆಮನೆಯ ಕಡೆ ಒಮ್ಮೆ ನೋಡಿ ಹೇಳಿದರು. ಪ್ಲಸ್ಸಿಗೆ ಹಸಿರು ಬಳಿದದ್ದಾಯಿತು. ಈಚೆಗೆ ಅಲೋಪತಿಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಎಂದಾಯಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಸಂಖ್ಯೆಯೂ ಕಾಣುವಂತಿರಬೇಕು. ಹಳೆಯದನ್ನು ತೆಗೆದು ನೀಲಿ ಬೋರ್ಡು ಹಾಕಿಸಿದೆ. ನೀಲಿ ಬಣ್ಣ, ಒಂದಷ್ಟು ಅಂಕಿ, ಕೆಳಗೊಂದು ಬೆಂಚು. ಒಬ್ಬ ಅಜ್ಜಿ ಬಂದು ಬಹಳ ಹೊತ್ತು ಕೂತಿದ್ದರು. ಒಳಗೆ ಬನ್ನಿ ಎಂದು ಕರೆದರೆ, “ಇಲ್ಲ ಕಣವ್ವ, ನಂಜನಗೂಡು ಬಸ್ಸು ಬರ್ಲಿ” ಎಂದರು.

ಹೊರಗಿನವರಿಗೆ ಬೋರ್ಡಾದರೂ ಇದೆ. ಮನೆಯೊಳಗೆ ಯಾವ ಕೌನ್ಸಿಲಿನ ಮಾತೂ ನಡೆಯದು. ನಮ್ಮತ್ತೆಯ ಪ್ರಕಾರ ಡಾಕ್ಟರಿಗೆ ಇರಬೇಕಾದ್ದು ಕೈಗುಣ. ಅವರ ತವರೂರಿನಲ್ಲಿ ಒಬ್ಬ ಎಲ್ಎಂಪಿ ಡಾಕ್ಟರಿದ್ದರಂತೆ. ಎಲ್ಎಂಪಿ ಎಂದರೆ ಪದವಿಗಿಂತ ಕಿರಿದಾದ ಡಿಪ್ಲೊಮಾ ಓದಿದವರು. ಆ ಕೋರ್ಸನ್ನು ನಿಲ್ಲಿಸಿ, ದೇಶಕ್ಕೆಲ್ಲ ಒಂದೇ ಮೂಲ ಪದವಿ ಸಾಕೆಂದು 1946ರಲ್ಲಿ ಭೋರ್ ಸಮಿತಿ ಹೇಳಿತು. ಆದರೆ ಭೋರ್ ಸಮಿತಿ ನಮ್ಮತ್ತೆಯನ್ನು ಕೇಳಿರಲಿಲ್ಲ. ಆ ಡಾಕ್ಟರು ಬಾಗಿಲಲ್ಲಿ ಕಾಣಿಸಿಕೊಂಡರೆ ಅರ್ಧ ಜ್ವರ ಬಿಡುತ್ತಿತ್ತು. ಮನೆಯಿಂದ ಒಯ್ದ ಸೀಸೆಗೆ ಕಾಂಪೌಂಡರು ಕೆಂಪು ಮಿಕ್ಸ್ಚರ್ ಸುರಿದು, ಹೊತ್ತುಹೊತ್ತಿನ ಅಳತೆಗೆ ಕಚ್ಚು ಮಾಡಿದ ಕಾಗದದ ಪಟ್ಟಿ ಅಂಟಿಸಿ ಕೊಟ್ಟರೆ ಉಳಿದರ್ಧವೂ ಬಿಡುತ್ತಿತ್ತು. “ನೀನು ಏನೇ ಹೇಳು, ನಿನ್ನ ಮಾತ್ರೆಗೆ ಬಣ್ಣವೇ ಇಲ್ಲ” ಎನ್ನುತ್ತಾರೆ.

ಅವರ ಬಿ.ಪಿ. ನಾನು ನೋಡಿದರೆ 150/90. ಔಷಧಿ ಬದಲಿಸೋಣ ಎಂದರೆ, “ನೀನು ನೋಡಿದಾಗೆಲ್ಲ ಜಾಸ್ತಿ ಬರುತ್ತೆ” ಎಂದು ತೋಳು ಕೊಡವಿಕೊಂಡು ಎದ್ದುಬಿಡುತ್ತಾರೆ. ಇದರಲ್ಲಿ ವೈದ್ಯಕೀಯ ಸತ್ಯವೂ ಇದೆ: ಡಾಕ್ಟರ ಎದುರು ಬಿ.ಪಿ. ಏರುವವರಿದ್ದಾರೆ. ಸೊಸೆಯ ಎದುರು ಏರುವವರ ಬಗ್ಗೆ ಪಠ್ಯಪುಸ್ತಕ ಸುಮ್ಮನಿದೆ. ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಯಾವುದೋ ಲ್ಯಾಬಿನವರು ಉಚಿತ ತಪಾಸಣೆಯ ಮೇಜು ಹಾಕಿದ್ದರು. ಅಲ್ಲೂ 150/90 ಬಂತು. ಮನೆಗೆ ಓಡಿಬಂದ ನಮ್ಮತ್ತೆ, “ಔಷಧಿ ಬದಲಾಯಿಸಬೇಕಂತೆ, ಗೊತ್ತಾಯ್ತಾ? ಆ ಹುಡುಗ ಟೈ ಕಟ್ಟಿಕೊಂಡಿದ್ದ” ಎಂದು ನನಗೇ ತಿಳಿಹೇಳಿದರು. ಬದಲಾಯಿಸಿದೆ.

ಮಗಳು ಚಿಕ್ಕವಳಿದ್ದಾಗಿನ ಒಂದು ರಾತ್ರಿಯನ್ನು ಹೇಳದಿದ್ದರೆ ನನ್ನ ವೃತ್ತಿಜೀವನದ ಚಿತ್ರ ಪೂರ್ತಿಯಾಗದು. ಮೈ ಕೆಂಡವಾಗಿತ್ತು. ಊರಿನ ಮಕ್ಕಳಿಗೆಲ್ಲ ಧೈರ್ಯವಾಗಿ ಔಷಧಿ ಬರೆಯುವ ನನಗೆ ಸ್ವಂತ ಮಗಳ ತೂಕವೇ ನೆನಪಿಗೆ ಬರಲೊಲ್ಲದು. ಕೊನೆಗೆ ಕೆ.ಜಿ.ಗೆ 15 ಮಿಲಿಗ್ರಾಂ ಲೆಕ್ಕದಲ್ಲಿ ಪ್ಯಾರಾಸಿಟಮಾಲ್ ಸಿರಪ್ ಕುಡಿಸಿದೆ. ಅದೇ ಹೊತ್ತಿಗೆ ನಮ್ಮತ್ತೆ ಉಪ್ಪು, ಮೆಣಸಿನಕಾಯಿ ಹಿಡಿದು ಬಂದು ನಿವಾಳಿಸಿ ಒಲೆಗೆ ಹಾಕಿದರು. ಮೆಣಸಿನಕಾಯಿ ಚಟಪಟ ಎಂದಿತು, ಘಾಟು ಬರಲಿಲ್ಲ, ದೃಷ್ಟಿಯಾಗಿರುವುದು ಖಚಿತವಾಯಿತು. ಸಿರಪ್ಪು ಕೆಲಸ ಮಾಡಲು ಅರ್ಧ ಮುಕ್ಕಾಲು ಗಂಟೆ ಬೇಕು. ಬೇಕಾದಷ್ಟೇ ಹೊತ್ತಿಗೆ ಜ್ವರ ಇಳಿಯಿತು. ಕೀರ್ತಿ ಯಾರಿಗೆ ಹೋಯಿತೆಂದು ಬೇರೆ ಹೇಳಬೇಕಿಲ್ಲ. ಎರಡನೆಯ ಸಲ ಜ್ವರ ಏರಿದಾಗ “ಇನ್ನೊಂದು ಸಲ ನಿವಾಳಿಸ್ತೀರಾ ಅತ್ತೆ?” ಎಂದು ಕೇಳಿದವಳು ಎಂಬಿಬಿಎಸ್, ಮೈಸೂರು.

ಬಂಧುಗಳದು ಬೇರೆಯೇ ಅಧ್ಯಾಯ. ಅದೇ 2002ರ ನಿಯಮಾವಳಿಯಲ್ಲಿ ಒಂದು ಮಾತಿದೆ: ವೈದ್ಯರು ಇತರ ವೈದ್ಯರಿಗೂ ಅವರನ್ನು ಅವಲಂಬಿಸಿದ ಹತ್ತಿರದ ಕುಟುಂಬದವರಿಗೂ ಉಚಿತವಾಗಿ ಸೇವೆ ಮಾಡುವುದನ್ನು ಸಂತೋಷವೆಂದೂ ಗೌರವವೆಂದೂ ತಿಳಿಯಬೇಕು. ಇದನ್ನು ಓದದೆಯೇ ನಮ್ಮ ಬಳಗ ಜಾರಿಗೆ ತಂದಿದೆ, ಹತ್ತಿರದ ಕುಟುಂಬವನ್ನು ಇಡೀ ಗೋತ್ರಕ್ಕೆ ವಿಸ್ತರಿಸಿ. ಟೆಲಿಮೆಡಿಸಿನ್ ಮಾರ್ಗಸೂಚಿ ಬಂದದ್ದು 2020ರ ಮಾರ್ಚಿನಲ್ಲಿ. ನಮ್ಮ ಚಿಕ್ಕತ್ತೆ ಅದಕ್ಕೂ ಮುಂಚಿನಿಂದ ರಾತ್ರಿ ಹನ್ನೊಂದಕ್ಕೆ ನಾಲಿಗೆಯ ಫೋಟೊ ಕಳಿಸುತ್ತಿದ್ದಾರೆ. ನನಗೊಬ್ಬಳಿಗೇ ಕಳಿಸಿದರೆ ಸಂಕೋಚವೆಂದು ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾರೆ. ನಾನು ಕನ್ನಡಕ ಹುಡುಕುವಷ್ಟರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಚಿಕ್ಕಪ್ಪ “ಜಂತುಹುಳು” ಎಂದು ತೀರ್ಪು ಕೊಟ್ಟು, ಗುಡ್‌ನೈಟ್ ಗುಲಾಬಿಯನ್ನೂ ಹಾಕಿರುತ್ತಾರೆ.

ನನ್ನ ಕೈಬರಹ ಡಾಕ್ಟರ ಕೈಬರಹವೇ ಆಗಿತ್ತು. ಓಲೆಗರಿ ಓದಿ ಅಭ್ಯಾಸವಿದ್ದ ನಮ್ಮವರೇ ನಾನು ಬರೆದ ದಿನಸಿ ಚೀಟಿ ಹಿಡಿದು ಅಂಗಡಿಯಲ್ಲಿ ಸೋತು ವಾಪಸು ಬಂದಿದ್ದಾರೆ. 2016ರಲ್ಲಿ ನಿಯಮ ತಿದ್ದುಪಡಿಯಾಗಿ, ಔಷಧಿಯ ಜನರಿಕ್ ಹೆಸರನ್ನು ಓದುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದಾಯಿತು. ನಾನೂ ಕಾಪಿ ಬರೆದು ಅಕ್ಷರ ದುಂಡಗೆ ಮಾಡಿಕೊಂಡೆ. ಅಲ್ಲಿಂದ ಶುರುವಾಯಿತು ಅವನತಿ. ಚೀಟಿ ಅರ್ಥವಾಗದಿದ್ದಾಗ ಭಯಭಕ್ತಿಯಿಂದ ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದವರು ಈಗ ನನ್ನೆದುರಿಗೇ ಓದುತ್ತಾರೆ. “ಪ್ಯಾರಾಸಿಟಮಾಲಾ? ಇದು ಮನೇಲೇ ಐತಲ್ಲ ಮೇಡಂ. ಒಂದು ಸೂಜಿನಾದ್ರೂ ಹಾಕಿ, ಇಷ್ಟು ದೂರ ಬಂದಿದೀವಿ.” ನೆಗಡಿಗೆ ಸೂಜಿ ಬೇಡ, ಆ್ಯಂಟಿಬಯೋಟಿಕ್ಕೂ ಬೇಡ, ಬಿಸಿನೀರು ಕುಡಿದು ಮಲಗಿ ಎಂದರೆ, ಇದನ್ನು ಹೇಳಲು ನಾಲ್ಕೂವರೆ ವರ್ಷ ಓದಬೇಕಿತ್ತೇ ಎಂಬ ನೋಟ. ಸುಮ್ಮನಿರುವುದನ್ನು ಕಲಿಯಲಿಕ್ಕೇ ಅಷ್ಟು ವರ್ಷ ಬೇಕಾದದ್ದು, ಆದರೆ ಸುಮ್ಮನಿದ್ದುದಕ್ಕೆ ಫೀಸು ಕೇಳುವಾಗ ನನಗೇ ನಾಲಿಗೆ ತಡವರಿಸುತ್ತದೆ.

ಓದು ಮುಗಿದಿದೆ ಎಂದಲ್ಲ. ನೋಂದಣಿ ನವೀಕರಣವಾಗಬೇಕಾದರೆ ಐದು ವರ್ಷಕ್ಕೆ 30 ಗಂಟೆ ಸಿಎಂಇ, ಅಂದರೆ ವೈದ್ಯರ ಮುಂದುವರಿಕೆ ಶಿಕ್ಷಣದ ಪಾಠ ಕೇಳಿರಬೇಕು. ಹೋಗಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಕಾಲೇಜಿನಲ್ಲೂ ಅಲ್ಲೇ ಕೂರುತ್ತಿದ್ದೆ. ಮಧುಮೇಹದ ಮೇಲಿನ ಘನವಾದ ಉಪನ್ಯಾಸ ಕೇಳಿ, ಹೊರಗೆ ಬಂದು ಎರಡು ಮೈಸೂರು ಪಾಕ್ ತಿಂದು, ಸರ್ಟಿಫಿಕೇಟಿನೊಂದಿಗೆ ಮನೆಗೆ ಬಂದರೆ ನಮ್ಮತ್ತೆ, “ಇಷ್ಟು ವರ್ಷವಾದರೂ ನಿನ್ನ ಪಾಠ ಮುಗಿದೇ ಇಲ್ವಲ್ಲೇ!” ಎನ್ನುತ್ತಾರೆ. ನಮ್ಮವರು ಸಮಾಧಾನಕ್ಕೆ ಡಾ. ಎಂ. ಶಿವರಾಂ ಅವರ ಹೆಸರು ತೆಗೆಯುತ್ತಾರೆ. ಡಾಕ್ಟರಿಕೆ ಮಾಡಿಕೊಂಡೇ ‘ರಾಶಿ’ ಎಂಬ ಹೆಸರಿನಲ್ಲಿ ಬರೆದವರು, 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿ 25 ವರ್ಷ ಕನ್ನಡಿಗರನ್ನು ನಗಿಸಿದವರು. ಪತ್ರಿಕೆಗೆ ಸರಕು ಎಲ್ಲಿಂದ ಬರುತ್ತಿತ್ತೆಂದು ನಮ್ಮವರ ವಿದ್ಯಾರ್ಥಿಗಳು ಕೇಳುತ್ತಾರಂತೆ. ಅವರನ್ನು ಒಂದು ಸಂಜೆ ನನ್ನ ಬೆಂಚಿನ ಮೇಲೆ ಕೂರಿಸಿದರೆ ಸಾಕು.

ಮೊನ್ನೆ ನಾದಿನಿಯ ಮಗ ಬಂದಿದ್ದ. ಸ್ನೇಹಿತನ ಮದುವೆಗೆ ಗೋವೆಗೆ ಹೋಗಬೇಕು, ರಜೆಯಿಲ್ಲ, “ಅತ್ತೆ, ಒಂದು ಜ್ವರದ ಸರ್ಟಿಫಿಕೇಟ್.” ಸುಳ್ಳು ಸರ್ಟಿಫಿಕೇಟ್ ಕೊಟ್ಟರೆ ರಿಜಿಸ್ಟರಿನಿಂದ ನನ್ನ ಹೆಸರೇ ಹೋಗಬಹುದು ಕಣೋ ಎಂದೆ. ನಂಬಲಿಲ್ಲ. ಮೆಡಿಕಲ್ ಸರ್ಟಿಫಿಕೇಟುಗಳ ದಪ್ಪ ರಿಜಿಸ್ಟರ್ ತೆಗೆದು, ಇಲ್ಲಿ ವಿಳಾಸ, ಇಲ್ಲಿ ನಿನ್ನ ಸಹಿ, ಇಲ್ಲಿ ಮೈಮೇಲಿನ ಒಂದು ಗುರುತಿನ ಮಚ್ಚೆ ಎಂದು ತೋರಿಸಿದೆ. ಮಚ್ಚೆ ಎಂದದ್ದೇ ತಡ, ಪೊಲೀಸು ಠಾಣೆ ಕಣ್ಣಮುಂದೆ ಬಂದಿರಬೇಕು, ಎದ್ದು ಜಗಲಿಗೆ ಹೋದ. “ಮಾಮ, ನೀವೂ ಡಾಕ್ಟರೇ ತಾನೆ?”

ಬದುಕಿನಲ್ಲಿ ಈ ಪ್ರಶ್ನೆಗಾಗಿಯೇ ನಮ್ಮವರು ಕಾದಿದ್ದರು ಎಂದು ಕಾಣುತ್ತದೆ. ಒಳಗಿನಿಂದ ತಮ್ಮ ಲೆಟರ್‌ಹೆಡ್ ತಂದರು. ಅದರ ನೆತ್ತಿಯ ಮೇಲೆ ‘ಡಾಕ್ಟರ್’ ಎಂದು ಇಂಗ್ಲಿಷಿನಲ್ಲೂ ಅಚ್ಚಾಗಿದೆ. ಸುಳ್ಳು ಬರೆಯುವ ಪೈಕಿ ಅಲ್ಲ ಅವರು. ಹುಡುಗನ ಆಪ್ತಮಿತ್ರನಿಗೆ ವಿವಾಹ ನಿಶ್ಚಯವಾಗಿರುವುದನ್ನೂ, ಸಮುದ್ರತೀರದಲ್ಲಿ ನಡೆಯಲಿರುವ ಆ ಮಂಗಳಕಾರ್ಯದಲ್ಲಿ ಇವನ ಉಪಸ್ಥಿತಿ ಅನಿವಾರ್ಯವಾಗಿರುವುದನ್ನೂ ಒಂದಿಡೀ ಪುಟ ಗ್ರಾಂಥಿಕ ಕನ್ನಡದಲ್ಲಿ ಬರೆದು, ನನಗೂ ಓದಲಾಗದ ಸಹಿ ಹಾಕಿ, ಕಾಲೇಜಿನ ಕಾಲದ ದುಂಡು ಸೀಲು ಒತ್ತಿದರು. ಕನ್ನಡ ಬಾರದ ಮ್ಯಾನೇಜರು ನೆತ್ತಿ ನೋಡಿ, ಸಹಿ ನೋಡಿ, ಸೀಲು ನೋಡಿ ಸಿಕ್ ಲೀವ್ ಮಂಜೂರು ಮಾಡಿದ್ದಲ್ಲದೆ, ಬೇಗ ಗುಣವಾಗಲಿ ಎಂದು ಹಾರೈಸಿದನಂತೆ. ಗೋವೆಯಿಂದಲೇ ಹುಡುಗನ ಫೋನು ಬಂತು.

“ಅತ್ತೆ, ನಮ್ಮ ಮ್ಯಾನೇಜರ ತಾಯಿಗೆ ಮಂಡಿನೋವಂತೆ. ಮಾಮ ಸಂಜೆ ಎಷ್ಟು ಗಂಟೆಗೆ ಸಿಗ್ತಾರೆ ಅಂತ ಕೇಳ್ತಿದ್ದಾರೆ.”