ಹಿಮಜಾರು ಮೀಮಾಂಸೆ: ಗುಲ್ಮಾರ್ಗ್ ಪ್ರಕರಣ

ಶಾಸ್ತ್ರಗ್ರಂಥ ಯಾವುದೇ ಆಗಲಿ, ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಪೂರ್ವಿಕರ ಕಟ್ಟಳೆ. ಸ್ಕೀ ಪ್ಯಾಕೇಜ್ ಮಾರುವವರು ಐದನೆಯದಾದ ಅಡ್ವಾನ್ಸ್ ಒಂದನ್ನೇ ಹೇಳಿ ಸುಮ್ಮನಾಗುವುದರಿಂದ ಈ ಮೀಮಾಂಸೆ ಅಗತ್ಯವಾಯಿತು.

ಮೊದಲು ಲಕ್ಷಣ. ಬೆಂಗಳೂರಿನ ಸಂಸಾರಸ್ಥನೊಬ್ಬ ವಿಮಾನ ಹತ್ತಿ, ಜೀಪು ಹತ್ತಿ, ಗೊಂಡೋಲಾ ಹತ್ತಿ, ಕಡೆಗೆ ಕೆಳಕ್ಕೆ ಜಾರಲೆಂದು ದುಡ್ಡು ಕೊಡುವ ಕ್ರಿಯೆಯೇ ಸ್ಕೀ ಪ್ರವಾಸ. ಬಚ್ಚಲಲ್ಲಿ ಜಾರಿಬೀಳುವುದು ಇದರಲ್ಲಿ ಸೇರುವುದಿಲ್ಲ. ಅದಕ್ಕೆ ಮುಂಗಡ ಬುಕಿಂಗ್ ಇಲ್ಲ. ಆದ್ದರಿಂದ ಅತಿವ್ಯಾಪ್ತಿ ದೋಷವಿಲ್ಲ.

ಇನ್ನು ವಿಷಯ. ಅದು ಶ್ರೀನಗರದಿಂದ ಸುಮಾರು 50 ಕಿ.ಮೀ. ದೂರದ, 2,650 ಮೀಟರ್ ಎತ್ತರದ ಗುಲ್ಮಾರ್ಗ್. ಬ್ರಿಟಿಷರು 1927ರಲ್ಲೇ ಇಲ್ಲಿ ಸ್ಕೀ ಕ್ಲಬ್ ಕಟ್ಟಿದ್ದರು. ಈಗಿನವರ ಪುಣ್ಯಕ್ಕೆ ಫ್ರೆಂಚ್ ಕಂಪನಿ ನಿರ್ಮಿಸಿದ ಗೊಂಡೋಲಾ ಎಂಬ ಕೇಬಲ್ ಕಾರು ಇದೆ: 1998ರಲ್ಲಿ ಶುರುವಾದ ಮೊದಲ ಹಂತ ಕೊಂಗ್‌ಡೂರಿಯವರೆಗೆ, 2005ರ ಎರಡನೇ ಹಂತ ಅಫರ್ವತ್ ಬೆಟ್ಟದ ಸುಮಾರು 3,950 ಮೀಟರ್‌ವರೆಗೆ.

ಯಾವಾಗ ಹೋಗಬೇಕು? ಕ್ರಿಸ್‌ಮಸ್ ರಜೆಯೇ ಪ್ರಶಸ್ತ, ಮಕ್ಕಳಿಗೆ ಶಾಲೆ ಇರುವುದಿಲ್ಲ ಎನ್ನುವುದು ಪೂರ್ವಪಕ್ಷ. ಶಾಲೆಯ ಕ್ಯಾಲೆಂಡರ್ ಹಿಮಕ್ಕೆ ಪ್ರಮಾಣವಲ್ಲ ಎನ್ನುವುದು ಸಿದ್ಧಾಂತ. ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುವ 40 ದಿನಗಳ ಕಡುಚಳಿ ಕಾಲಿಡುವುದೇ ಡಿಸೆಂಬರ್ 21ಕ್ಕೆ. ಅದಾದರೂ ಗ್ಯಾರಂಟಿಯೇ? 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಇಳಿಜಾರುಗಳು ಕಂದು ಹುಲ್ಲು ತೋರಿಸಿಕೊಂಡು ನಿಂತಿದ್ದವು. 2025ರಲ್ಲಿ ಹಿಮ ಸಾಲದೆ ಅಲ್ಲಿನ ಖೇಲೊ ಇಂಡಿಯಾ ಸ್ಪರ್ಧೆಗಳೇ ಫೆಬ್ರವರಿಯಿಂದ ಮಾರ್ಚ್‌ಗೆ ಹೋದವು. ಸರ್ಕಾರವನ್ನೇ ಕಾಯಿಸಿದ ಹಿಮ, ರಿಫಂಡ್ ಇಲ್ಲದ ಟಿಕೆಟ್‌ಗೆ ಹೆದರೀತೆ?

ಅಧಿಕಾರಿ ಯಾರು? ‘ಕನ್ನಡಿಗರಿಗೆ ಹಿಮ ಒಗ್ಗದು, ನಮ್ಮ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್, ಗುಲ್ಮಾರ್ಗ್‌ನ ಅಂಗಳಕ್ಕಿಂತ ಕೆಳಗೆ’ ಎಂದು ಕೆಲವರು ಆಕ್ಷೇಪಿಸುತ್ತಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಖೇಲೊ ಇಂಡಿಯಾ ಚಳಿಗಾಲದ ಕೂಟದಲ್ಲಿ ಚಿನ್ನ ಗೆದ್ದಿರುವುದರಿಂದ ಈ ವಾದ ಬಿದ್ದುಹೋಗುತ್ತದೆ. ಅವರದು ಕ್ರಾಸ್ ಕಂಟ್ರಿ ಸ್ಕೀಯಿಂಗ್. ಅದರಲ್ಲಿ ಏರನ್ನೂ ಸ್ವಂತ ಕಾಲಿನಲ್ಲೇ ಹತ್ತಬೇಕು. ಸಂಸಾರಸ್ಥ ತನ್ನನ್ನು ಆ ಸಾಲಿಗೆ ಸೇರಿಸಿಕೊಳ್ಳುವ ಮುನ್ನ ಮನೆಯ ಮೂರನೇ ಮಹಡಿಗೆ ಲಿಫ್ಟ್ ಬಿಟ್ಟು ಹತ್ತಿ ನೋಡಲಿ. ಅಫರ್ವತ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರ ಆಸುಪಾಸು. 2,500 ಮೀಟರ್ ದಾಟಿದರೆ ತಲೆನೋವು, ವಾಕರಿಕೆ ಹಲವರನ್ನು ಹಿಡಿಯುತ್ತವೆ. ಮೊದಲ ದಿನ ಕೈಕಾಲು ಚಾಚಿ ಕೂರುವುದು ಸೋಮಾರಿತನವಲ್ಲ, ಚಿಕಿತ್ಸೆ.

ಸಂಬಂಧವೆಂದರೆ ಪಾದಕ್ಕೂ ಸ್ಕೀಗೂ ಇರುವ ಬೈಂಡಿಂಗ್. ಬಿದ್ದಾಗ ಅದು ತಾನಾಗಿ ಬಿಚ್ಚಿಕೊಂಡು ಕಾಲು ಉಳಿಸಬೇಕು; ಎಷ್ಟು ಬಲಕ್ಕೆ ಬಿಚ್ಚಬೇಕೆಂಬುದನ್ನು ಸವಾರನ ತೂಕ, ಎತ್ತರ, ವಯಸ್ಸು, ಅನುಭವ ನೋಡಿ ತಿರುಪುತ್ತಾರೆ. ಹೀಗಾಗಿ ಬಾಡಿಗೆ ಅಂಗಡಿಯವನು ತೂಕ ಕೇಳಿದಾಗ ಹೆಂಡತಿ ಪಕ್ಕದಲ್ಲಿದ್ದರೂ ನಿಜವನ್ನೇ ನುಡಿಯಬೇಕು. ಕಡಿಮೆ ಹೇಳಿದರೆ ಸ್ಕೀ ನಡುದಾರಿಯಲ್ಲೇ ಕಳಚಿಕೊಳ್ಳುತ್ತದೆ. ‘ನಾನು ಎಕ್ಸ್‌ಪರ್ಟ್’ ಎಂದು ಕೊಚ್ಚಿಕೊಂಡರೆ ಬಿಗಿ ಹೆಚ್ಚಾಗಿ, ಬೀಳುವಾಗ ಸ್ಕೀ ಕಾಲನ್ನು ಬಿಡುವುದಿಲ್ಲ.

ಮೊದಲ ಪಾಠ ಸ್ನೋಪ್ಲೌ. ಸ್ಕೀಗಳ ಮೂತಿ ಹತ್ತಿರ, ಹಿಂಬದಿ ದೂರ; ಮೊಣಕಾಲು ಬಗ್ಗಿಸಿ, ಕಣಕಾಲಿನ ಮುಂಭಾಗ ಬೂಟಿನ ನಾಲಿಗೆಗೆ ಒತ್ತುವಂತೆ ಮುಂದಕ್ಕೆ ಬಾಗಬೇಕು. ಇಳಿಜಾರು ಕಂಡ ಮನುಷ್ಯ ಹಿಂದಕ್ಕೆ ವಾಲುತ್ತಾನೆ. ವಾಲಿದೊಡನೆ ಮೂತಿಯ ಹಿಡಿತ ತಪ್ಪಿ ಸ್ಕೀ ಮುಂದೋಡುತ್ತದೆ, ಯಜಮಾನ ಅದರ ಹಿಂದೆ ಕೂತೇ ಹೋಗುತ್ತಾನೆ.

ಪರಿಶಿಷ್ಟವಾಗಿ ಕೆಲವು ವಿಧಿಗಳು. ಹೊರರಾಜ್ಯದ ಪ್ರೀಪೇಯ್ಡ್ ಸಿಮ್ ಜಮ್ಮು ಕಾಶ್ಮೀರದಲ್ಲಿ ಮಾತಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹಿಮ ಬಿದ್ದಾಗ ಬೆಟ್ಟದ ಬುಡದ ಟಂಗ್‌ಮಾರ್ಗ್‌ನಿಂದ ಮೇಲಕ್ಕೆ ಚೈನು ಕಟ್ಟಿದ ಚಕ್ರವೇ ಗತಿ. ಹೊಸ ಹಿಮ ಅತಿನೇರಳೆ ಕಿರಣಗಳಲ್ಲಿ ಶೇ 80ರಷ್ಟನ್ನು ಮುಖಕ್ಕೇ ಎಸೆಯಬಲ್ಲದು. ಮೋಡವಿದ್ದರೂ ಕನ್ನಡಕ ತೆಗೆಯಬಾರದು. ಗಾಳಿ ಜೋರಾದರೆ, ಹಿಮಕುಸಿತದ ಭಯವಿದ್ದರೆ ಗೊಂಡೋಲಾದ ಎರಡನೇ ಹಂತ ಮುಚ್ಚುತ್ತದೆ. ಗೋಗರೆದು ಪ್ರಯೋಜನವಿಲ್ಲ.

ಉಳಿದದ್ದು ಆ ಪ್ರಯೋಜನವೇ. ಹೊಸಬರಿಗೆ ಸ್ಕೀ ಕಲಿಸುವುದು 3,950 ಮೀಟರ್ ಎತ್ತರದಲ್ಲಲ್ಲ. ಕೆಳಗೆ ಗುಲ್ಮಾರ್ಗ್‌ನ ಬಟ್ಟಲಿನಲ್ಲೇ, ಬೇಸಗೆಯಲ್ಲಿ ಗಾಲ್ಫ್ ಆಡುವ ಹುಲ್ಲುಗಾವಲಿನ ತಗ್ಗು ದಿಬ್ಬಗಳ ಮೇಲೆ. ಆದ್ದರಿಂದ ನಿರ್ಣಯ ಹೀಗೆ: ಮೊದಲ ಸಲದವರು ಗೊಂಡೋಲಾ ಟಿಕೆಟ್‌ಗೆ ಒದ್ದಾಡುವ ಬದಲು ಒಳ್ಳೆಯ ಶಿಕ್ಷಕನನ್ನು ಹಿಡಿಯಲಿ, ಗ್ಯಾರಂಟಿ ಇಲ್ಲದಿದ್ದರೂ ಚಿಲ್ಲೈ ಕಲಾನ್ ಮುಗಿದ ಫೆಬ್ರವರಿಯಲ್ಲಿ ಹೋಗಲಿ, ಹಿಮ ದಾರಿ ತಡೆದರೆ ಇರಲೆಂದು ವಾಪಸಾಗುವ ದಿನಕ್ಕೆ ಮುಂಚೆ ಒಂದು ದಿನ ಖಾಲಿ ಇಟ್ಟುಕೊಳ್ಳಲಿ.