ಆವರಣ ಚಿಹ್ನೆಯ ಅವಾಂತರ

ಕಂಪ್ಯೂಟರಿಗೆ ಆಜ್ಞೆ ಬರೆಯುವ ವಿದ್ಯೆಯಾದ ಪ್ರೋಗ್ರಾಮಿಂಗನ್ನು 2007ರ ಸುಮಾರಿಗೆ ಪೈಥಾನ್ ಭಾಷೆಯಲ್ಲಿ ಕಲಿತು, ಅನಂತರ ಮದುವೆ, ಮಕ್ಕಳು, ಮನೆಸಾಲವೆಂಬ ಪುರುಷಾರ್ಥಗಳಲ್ಲಿ ಮುಳುಗಿದವರು ನಡುವಯಸ್ಸಿನಲ್ಲಿ ಮತ್ತೆ ಕೀಲಿಮಣೆಯ ಮುಂದೆ ಕುಳಿತಾಗ, ಮರೆತದ್ದಕ್ಕಿಂತ ನೆನಪಿನಲ್ಲಿ ಉಳಿದದ್ದೇ ಅವರಿಗೆ ಹೆಚ್ಚು ತೊಂದರೆ ಕೊಡುತ್ತದೆ. 2008ರ ಡಿಸೆಂಬರಿನಲ್ಲಿ ಬಂದ ಪೈಥಾನ್ 3, ಹಳೆಯ ಆವೃತ್ತಿಯೊಡನೆ ಪೂರ್ಣ ಹೊಂದಾಣಿಕೆಯನ್ನು ಬೇಕೆಂದೇ ಕೈಬಿಟ್ಟದ್ದು ಇದಕ್ಕೆ ಕಾರಣ. ತೆರೆಯ ಮೇಲೆ ಅಕ್ಷರ ಮೂಡಿಸುವ 'ಪ್ರಿಂಟ್' ಎಂಬ ಆಜ್ಞೆಯು ಈಗ 'ಫಂಕ್ಷನ್', ಅಂದರೆ ಹೆಸರು ಹಿಡಿದು ಕರೆದಾಗ ಗೊತ್ತುಪಡಿಸಿದ ಕೆಲಸ ಮಾಡಿಕೊಡುವ ಘಟಕದ ಪದವಿಗೇರಿರುವುದರಿಂದ, ಬಡ್ತಿ ಪಡೆದ ಗುಮಾಸ್ತನಂತೆ, ಆವರಣ ಚಿಹ್ನೆಗಳ ಮರ್ಯಾದೆ ಸಲ್ಲದೆ ಕಡತ ಮುಟ್ಟುವುದಿಲ್ಲ. ಆವರಣ ಬಿಟ್ಟುಹೋಗಿದೆಯೆಂದು ಕಂಪ್ಯೂಟರು ತಪ್ಪನ್ನು ನಿಖರವಾಗಿ ತೋರಿಸುತ್ತದೆ, ಸರಿಯಾದ ರೂಪವನ್ನೂ ಸೂಚಿಸುತ್ತದೆ. ಇಷ್ಟೆಲ್ಲ ತಿಳಿದೂ ತಾನೇ ತಿದ್ದಿಕೊಳ್ಳದಿರುವುದು ಅದರ ಶಿಸ್ತೋ ಹಟವೋ ಹೇಳುವುದು ಕಷ್ಟ. ಭಾಗಾಕಾರದ ಕಥೆ ಇನ್ನೂ ಸ್ವಾರಸ್ಯಕರ: ಐದನ್ನು ಎರಡರಿಂದ ಭಾಗಿಸಿದರೆ ಹಳೆಯ ಆವೃತ್ತಿಯು ಅರ್ಧವನ್ನು ಸದ್ದಿಲ್ಲದೆ ನುಂಗಿ 2 ಎನ್ನುತ್ತಿತ್ತು, ಹೊಸದು ಪ್ರಾಮಾಣಿಕವಾಗಿ 2.5 ಎನ್ನುತ್ತದೆ. ಆ ಹಳೆಯ ಆವೃತ್ತಿಗೆ ದೊರೆಯುತ್ತಿದ್ದ ಅಧಿಕೃತ ಬೆಂಬಲ 2020ರ ಜನವರಿ 1ರಂದು ನಿಂತಿತಾದರೂ, ಅಟ್ಟದಿಂದ ಇಳಿಸಿದ ದಪ್ಪ ಪುಸ್ತಕಕ್ಕೆ ಆ ಸುದ್ದಿ ತಲುಪಿರುವುದಿಲ್ಲ. ನುಂಗುವ ಲೆಕ್ಕವೇ ಬೇಕೆಂಬ ಹಳಬರ ಅನುಕೂಲಕ್ಕೆ, ಒಂದರ ಬದಲು ಎರಡು ಓರೆಗೆರೆ ಹಾಕುವ ಸೌಲಭ್ಯ ಈಗಲೂ ಇದೆ.